ಮೊದಲ ಸಾಲಿನವರ ಬಾಕಿ ಕೂಲಿ

ಇವತ್ತು ಜುಮಾ (ಶುಕ್ರವಾರದ ನಮಾಜ್) ಮುಗಿಸಿ ಬಂದಾಗಿನಿಂದ ಮನಸ್ಸು ಸರಿ ಇಲ್ಲ. ಮಲಗಿದರೂ ಅದೇ, ಎದ್ದರೂ ಅದೇ. ಬರೆದರೆ ಸ್ವಲ್ಪ ಹಗುರ ಆಗಬಹುದು ಅಂತ ಕೂತಿದ್ದೇನೆ.

ಮಸೀದಿಯ ಮೆಟ್ಟಿಲ ಹತ್ತಿರ ಚಪ್ಪಲಿ ಹುಡುಕುತ್ತಿದ್ದೆ. ಪಕ್ಕದಲ್ಲಿ ಒಬ್ಬ ಗಾರೆ ಕೆಲಸದವರು ನಿಂತಿದ್ದರು. ವಯಸ್ಸಾದವರು. ಬೆರಳ ಸಂದಿಯಲ್ಲಿ ಸಿಮೆಂಟ್ ಕೂತು ಚರ್ಮ ಬಿರಿದಿತ್ತು. ಅಷ್ಟರಲ್ಲಿ ಒಳಗಿಂದ ಒಬ್ಬರು ಬಂದರು. ಪ್ರತಿ ಜುಮಾಕ್ಕೂ ಮೊದಲ ಸಾಲಿನಲ್ಲೇ ನಿಲ್ಲುವವರು, ನಾವೆಲ್ಲ ಮೇಲೆ ಬಿದ್ದು ಸಲಾಂ ಹೇಳುವಂಥವರು.

"ಸಾಹೇಬ್ರೇ, ಎರಡು ತಿಂಗಳಾಯ್ತು, ಬಾಕಿ ಕೂಲಿ..." ಅಂತ ಇವರು ಮೆಲ್ಲಗೆ ಕೇಳಿದರು.

ಅವರು ನಿಲ್ಲಲೂ ಇಲ್ಲ. "ಮುಂದಿನ ವಾರ ಬಾ, ಇನ್‌ಶಾ ಅಲ್ಲಾಹ್" ಅಂದು ನಡೆದರು. ಕೈಯಲ್ಲಿ ಜಪದ ತಸ್ಬೀಹ್ ಮಣಿ ಉರುಳುತ್ತಲೇ ಇತ್ತು. ಈ ಮಾತಾಡುವಾಗಲೂ ಬೆರಳು ತಡೆಯಲಿಲ್ಲ.

ಸ್ವಲ್ಪ ಹೊತ್ತಿನ ಮುಂಚೆ ಖುತ್ಬಾದ (ಜುಮಾ ಪ್ರವಚನದ) ಕೊನೆಯಲ್ಲಿ ಇಮಾಮರು ಕುರ್‌ಆನಿನ ಅಧ್ಯಾಯವಾದ ಸೂರಃ ಅನ್ನಹ್ಲ್‌ನ 90ನೇ ವಚನ ಓದಿದ್ದರು. ನ್ಯಾಯ ಪಾಲಿಸಿ, ಒಳಿತು ಮಾಡಿ, ಬಂಧುಗಳಿಗೆ ಕೊಡಿ ಅಂತ ಅಲ್ಲಾಹನು ಆಜ್ಞೆ ಮಾಡುವ ವಚನ ಅದು. ಲೋಕದ ಎಷ್ಟೋ ಮಸೀದಿಗಳಲ್ಲಿ ಪ್ರತಿ ಶುಕ್ರವಾರ ಅದನ್ನು ಓದುತ್ತಾರೆ. ನಾವು ಕೇಳುತ್ತೇವೆ. ಕೇಳಿ ಮೆಟ್ಟಿಲು ಇಳಿಯುತ್ತೇವೆ.

ನನಗೆ ಕೋಪ ಬಂದಿದ್ದು ಬಾಕಿಗಿಂತ ಜಾಸ್ತಿ ಆ 'ಇನ್‌ಶಾ ಅಲ್ಲಾಹ್'ಗೆ. ಅಲ್ಲಾಹನು ಬಯಸಿದರೆ ಮಾಡುತ್ತೇನೆ ಅನ್ನುವ ಮಾತು ಅದು. ಮನಸ್ಸಿನಲ್ಲಿ ಮಾಡುವ ಉದ್ದೇಶ ಇದ್ದವರು ಹೇಳಬೇಕಾದ ಮಾತು. ಬಡವನನ್ನು ಸಾಗಹಾಕಲು ಅಲ್ಲಾಹನ ಹೆಸರು ಬೇಕಾ? ಕೂಲಿ ಕೇಳಲು ಬಂದವನಿಗೆ ಆ ಹೆಸರು ಕೇಳಿದರೆ ಧೈರ್ಯ ಬರಬೇಕು. ಗಾರೆ ಕೆಲಸದವರ ಮುಖ ಬಾಡಿಹೋಯಿತು. ನಾನೇ ನೋಡಿದೆ.

ಕೂಲಿ ವಿಷಯದಲ್ಲಿ ನಮ್ಮ ದೀನ್ (ಧರ್ಮ) ಎಷ್ಟು ಖಡಕ್ ಅಂತ ಆ ಮೊದಲ ಸಾಲಿನವರಿಗೆ ಗೊತ್ತಿಲ್ಲವಾ? ಕಿಯಾಮತ್ತಿನ (ಅಂತಿಮ ತೀರ್ಪಿನ) ದಿನ ಮೂರು ಬಗೆಯ ಜನರ ವಿರುದ್ಧ ತಾನೇ ನಿಲ್ಲುತ್ತೇನೆ ಅಂತ ಅಲ್ಲಾಹನು ಹೇಳಿದ್ದು ಪ್ರವಾದಿ(ಸ)ಯವರ ಮಾತುಗಳ ಸಂಗ್ರಹವಾದ ಬುಖಾರಿಯಲ್ಲಿದೆ. ಅದರಲ್ಲಿ ಒಬ್ಬ, ಆಳಿನಿಂದ ಪೂರ್ತಿ ಕೆಲಸ ಮಾಡಿಸಿಕೊಂಡು ಕೂಲಿ ಕೊಡದವನು. ಯೋಚನೆ ಮಾಡಿ. ಕೋರ್ಟಿಗೆ ಹೋಗಲು ಕಾಸಿಲ್ಲದ ಒಬ್ಬ ಗಾರೆ ಕೆಲಸದವನ ಪರವಾಗಿ ಅಲ್ಲಾಹನೇ ವಾದಕ್ಕೆ ನಿಲ್ಲುತ್ತಾನೆ. ಬೆವರು ಆರುವ ಮುಂಚೆ ಕೂಲಿ ಕೊಡಿ ಅಂತ ಪ್ರವಾದಿ(ಸ) ಹೇಳಿದ್ದನ್ನು ಮಕ್ಕಳೂ ಬಾಯಿಪಾಠ ಮಾಡಿರುತ್ತಾರೆ. ಇವರ ಬೆವರು ಆರಿ ಎರಡು ತಿಂಗಳಾಗಿದೆ.

ಸಂಜೆ ಒಬ್ಬ ಗೆಳೆಯನ ಹತ್ತಿರ ಇದನ್ನೇ ಹೇಳಿದೆ. "ಬಿಡು ಮಾರಾಯ, ನಮಾಜಾದರೂ ಬಿಡದೆ ಮಾಡ್ತಾರಲ್ಲ. ನಮಾಜ್ ಕೆಟ್ಟದ್ದನ್ನು ತಡೆಯುತ್ತೆ ಅಂತ ಕುರ್‌ಆನಿನಲ್ಲೇ ಇದೆ. ಇವತ್ತಲ್ಲ ನಾಳೆ ಸರಿ ಹೋಗ್ತಾರೆ" ಅಂದ. ಹೌದು, ಸೂರಃ ಅಲ್ ಅನ್ಕಬೂತ್‌ನಲ್ಲಿದೆ, ಸತ್ಯವೇ. ಆದರೆ ಅದೇ ಕುರ್‌ಆನಿನಲ್ಲಿ 107ನೇ ಸೂರಃ ಕೂಡ ಇದೆ, ಅಲ್ ಮಾಊನ್. ಏಳೇ ವಚನ. ಅನಾಥರನ್ನು ದೂಡುವವನಿಂದ ಶುರುವಾಗಿ, ನಮಾಜ್ ಮಾಡಿಯೂ ಅದರ ಬಗ್ಗೆ ಅಸಡ್ಡೆ ಇರುವವರು, ತೋರಿಕೆಗೆ ಮಾಡುವವರು, ಚಿಕ್ಕಪುಟ್ಟ ನೆರವನ್ನೂ ತಡೆಹಿಡಿಯುವವರು, ಇವರಿಗೆ ವಿನಾಶ ಅಂತ ಮುಗಿಯುತ್ತದೆ. ನಮಾಜ್ ಮಾಡುವವರಿಗೇ ವಿನಾಶ ಅನ್ನುವ ಎಚ್ಚರಿಕೆ! ನಾವು ಬೇಗ ಮುಗಿಯುತ್ತೆ ಅಂತ ನಮಾಜಿನಲ್ಲಿ ಓದುವ ಚಿಕ್ಕ ಸೂರಃಗಳಲ್ಲಿ ಅದೂ ಒಂದು.

ಹಾಗಾದರೆ ಮನಸ್ಸು ಒಳ್ಳೆಯದಿದ್ದರೆ ಸಾಕು, ನಮಾಜ್ ಯಾಕೆ ಅಂತ ಯಾರೂ ಕಾಮೆಂಟ್ ಹಾಕಬೇಡಿ. ನಾನು ಹೇಳುತ್ತಿರುವುದು ಅದಲ್ಲ. ನಮಾಜ್ ನನ್ನ ಉಸಿರು. ಐದು ಹೊತ್ತು ಹಣೆ ನೆಲಕ್ಕೆ ಇಟ್ಟವನಿಗೆ ಎದುರು ನಿಂತವನ ಕಷ್ಟ ಇನ್ನೂ ಬೇಗ ಕಾಣಬೇಕಲ್ವಾ, ಅಷ್ಟೇ ನನ್ನ ಸಂಕಟ.

ದಿವಾಳಿ ಯಾರು ಅಂತ ಪ್ರವಾದಿ(ಸ) ಒಮ್ಮೆ ಸಂಗಾತಿಗಳನ್ನು ಕೇಳಿದರು. ದುಡ್ಡು, ಸಾಮಾನು ಇಲ್ಲದವನು ಅಂದರು ಅವರು. ಪ್ರವಾದಿ(ಸ) ಹೇಳಿದ್ದೇ ಬೇರೆ. ಕಿಯಾಮತ್ತಿನ ದಿನ ಒಬ್ಬ ನಮಾಜ್, ಉಪವಾಸ, ಝಕಾತ್ (ಕಡ್ಡಾಯ ದಾನ) ಎಲ್ಲ ಹೊತ್ತು ಬರುತ್ತಾನೆ. ಆದರೆ ಒಬ್ಬನನ್ನು ಬೈದಿರುತ್ತಾನೆ, ಒಬ್ಬನ ಮೇಲೆ ಅಪವಾದ ಹೊರಿಸಿರುತ್ತಾನೆ, ಒಬ್ಬನ ಸೊತ್ತು ತಿಂದಿರುತ್ತಾನೆ. ಅವನ ಪುಣ್ಯವನ್ನೆಲ್ಲ ಅವರಿಗೆ ಹಂಚಲಾಗುತ್ತದೆ. ಪುಣ್ಯ ಮುಗಿದು ಲೆಕ್ಕ ಉಳಿದರೆ ಅವರ ಪಾಪ ಇವನ ತಲೆಗೆ. ಅವನೇ ದಿವಾಳಿ. ಆ ತಸ್ಬೀಹ್ ಮಣಿಗಳು ಒಂದೊಂದಾಗಿ ಗಾರೆ ಕೆಲಸದವರ ಕೈಗೆ ಹೋಗುವುದು ನನ್ನ ಕಣ್ಣಿಗೆ ಕಟ್ಟುತ್ತದೆ.

ಇನ್ನು ನನ್ನ ವಿಷಯ. ಇದನ್ನು ಬರೆಯದೆ ಮೇಲಿನದನ್ನೆಲ್ಲ ಬರೆದರೆ ತಪ್ಪಾಗುತ್ತದೆ.

ಮೆಟ್ಟಿಲ ಬಳಿ ನಾನು ಬಾಯಿ ಬಿಡಲಿಲ್ಲ. ಹಿಂದೆ ಮಕ್ಕಾದಲ್ಲಿ ಯಮನ್ ಕಡೆಯ ಒಬ್ಬ ವ್ಯಾಪಾರಿಯ ಸರಕು ತೆಗೆದುಕೊಂಡು ಊರಿನ ಒಬ್ಬ ದೊಡ್ಡ ಮನುಷ್ಯ ದುಡ್ಡು ಕೊಡಲಿಲ್ಲ. ಆಗ ಕೆಲವರು ಸೇರಿ, ಅನ್ಯಾಯಕ್ಕೆ ಒಳಗಾದವನ ಪರ ನಿಲ್ಲುತ್ತೇವೆ ಅಂತ ಒಪ್ಪಂದ ಮಾಡಿಕೊಂಡರು. ಹಿಲ್ಫುಲ್ ಫುಝೂಲ್ ಅಂತ ಅದರ ಹೆಸರು. ಪ್ರವಾದಿ(ಸ) ಆಗ ಯುವಕರು, ಅವರೂ ಅದರಲ್ಲಿದ್ದರು. ಈಗ ಕರೆದರೂ ಅಂಥದ್ದಕ್ಕೆ ಹೋಗುತ್ತೇನೆ ಅಂತ ಪ್ರವಾದಿಯಾದ ಮೇಲೆ ಹೇಳಿದರು. ನಾನು? ಚಪ್ಪಲಿ ಹಾಕಿಕೊಂಡು ಮನೆಗೆ ಬಂದೆ.

ಬಾಯಿ ಯಾಕೆ ಬರಲಿಲ್ಲ ಅಂತ ದಾರಿಯುದ್ದಕ್ಕೂ ಯೋಚಿಸಿದೆ. ನನ್ನದೇ ಒಂದು ಬಾಕಿ ಇತ್ತು. ಮೂರು ವರ್ಷದ ಹಿಂದೆ ಮನೆಯಲ್ಲಿ ಕಾಯಿಲೆ ಬಂದಾಗ ಒಬ್ಬ ಗೆಳೆಯ ಕೇಳುವ ಮುಂಚೆಯೇ ದುಡ್ಡು ಕೊಟ್ಟಿದ್ದ. ಅವನು ಮತ್ತೆ ಬಾಯಿಬಿಟ್ಟು ಕೇಳಲೇ ಇಲ್ಲ. ಅವನು ಕೇಳಲಿಲ್ಲ ಅಂತ ನಾನೂ ಸುಮ್ನಿದ್ದೆ. ಈ ನಡುವೆ ಹೊಸ ಫೋನ್ ತೆಗೆದುಕೊಂಡೆ. ಮೂರು ದೀನಾರ್ ಸಾಲ ಉಳಿಸಿ ತೀರಿಕೊಂಡವರ ಜನಾಝ (ಶವ) ಬಂದಾಗ, ನೀವೇ ನಮಾಜ್ ಮಾಡಿ ಅಂತ ಪ್ರವಾದಿ(ಸ) ಹಿಂದೆ ಸರಿದಿದ್ದರು. ಆ ಸಾಲ ನನ್ನದು ಅಂತ ಸಂಗಾತಿ ಅಬೂ ಕತಾದ(ರ) ಹೊತ್ತುಕೊಂಡ ಮೇಲೆಯೇ ಮುಂದೆ ನಿಂತರು. ನನ್ನ ಸಾಲವನ್ನು ಹೊರಲು ಯಾರು ಬರುತ್ತಾರೆ?

ಇಶಾ (ರಾತ್ರಿಯ ನಮಾಜ್) ಆದ ಮೇಲೆ ಸಾಲ ಕೊಟ್ಟ ಆ ಗೆಳೆಯನಿಗೆ ಫೋನ್ ಮಾಡಿದೆ. "ಅಯ್ಯೋ, ಅದು ನನಗೆ ಮರೆತೇ ಹೋಗಿತ್ತು ಕಣೋ" ಅಂದ. ಮರೆತಿರಲಿಲ್ಲ. ಮೊತ್ತ ಸರಿಯಾಗಿ ನೆನಪಿತ್ತು ಅವನಿಗೆ. ಅರ್ಧ ಆಗಲೇ ಕಳಿಸಿದೆ. ಇನ್ನರ್ಧಕ್ಕೆ ಎರಡು ತಿಂಗಳು ಕೇಳಿದೆ.

ಕುರ್‌ಆನಿನ ಅತಿ ಉದ್ದದ ವಚನ ಸಾಲದ ಬಗ್ಗೆ ಇದೆ. ಅಲ್ ಬಕರಃದ 282. ಚಿಕ್ಕದಿರಲಿ ದೊಡ್ಡದಿರಲಿ, ಬೇಸರಪಡದೆ ಅವಧಿ ಸಮೇತ ಬರೆದಿಡಿ ಅನ್ನುತ್ತದೆ. ಸಾಲ ತೆಗೆದುಕೊಂಡವನೇ ಹೇಳಿ ಬರೆಸಬೇಕು ಅನ್ನುತ್ತದೆ. ಕೊಟ್ಟವನಿಗೆ ಕೇಳುವ ಸಂಕೋಚ ಇರಬಾರದಲ್ಲ.

"ಪೆನ್ ತಗೋ" ಅಂದೆ.

"ಸುಮ್ನಿರೋ, ನಮ್ಮಿಬ್ಬರ ಮಧ್ಯೆ ಬರಹ ಯಾಕೆ?" ಅಂದ.

"ನನಗೋಸ್ಕರ ಬರಿ."

ನನ್ನ ಹೆಸರು, ಉಳಿದ ಮೊತ್ತ, ಕೊಡಬೇಕಾದ ತಾರೀಕು, ಒಂದೊಂದೇ ಹೇಳಿದೆ. ಅವನು ಬರೆದುಕೊಂಡು ಓದಿ ಹೇಳಿದ. ಸೋಮವಾರ ಆ ಗಾರೆ ಕೆಲಸದವರನ್ನು ಹುಡುಕಿ ಹೋಗುತ್ತೇನೆ. ಅವರನ್ನು ಕರೆದುಕೊಂಡು ಮೊದಲ ಸಾಲಿನವರ ಮನೆಗೂ.