ರೋಮಿನ ಸುಂಕದ ಕಟ್ಟೆ

ರೋಮ್ ನಗರದ ಟ್ರೆವಿ ಕಾರಂಜಿಯ ಅಂಚಿಗೆ ಹೋಗಿ ನಿಲ್ಲಬೇಕಾದರೆ 2026ರ ಫೆಬ್ರುವರಿಯಿಂದ ಪ್ರವಾಸಿಗರು ಎರಡು ಯೂರೊ ತೆರಬೇಕೆಂಬ ಸುದ್ದಿಯನ್ನು ತಾವೆಲ್ಲರೂ ಓದಿಯೇ ಇರುತ್ತೀರಿ. ಮೇಲಿನ ಚೌಕದಲ್ಲಿ ನಿಂತು ದೂರದಿಂದ ನೋಡುವುದಕ್ಕೆ ದುಡ್ಡಿಲ್ಲ. ಕೆಲವು ಮೆಟ್ಟಿಲು ಇಳಿದು ಅದೇ ನೀರನ್ನು ಹತ್ತಿರದಿಂದ ನೋಡುವುದಕ್ಕೆ ದುಡ್ಡು. ಹಾಗೆ ಇಳಿದವರು ಕಾರಂಜಿಗೆ ಬೆನ್ನು ಮಾಡಿ ನಿಂತು, ಭುಜದ ಮೇಲಿಂದ ಹಿಂದಕ್ಕೆ ಒಂದು ನಾಣ್ಯವನ್ನು ನೀರಿಗೆ ಎಸೆಯುವುದು ವಾಡಿಕೆ. ಅಂದರೆ ದುಡ್ಡು ಎಸೆಯುವ ಭಾಗ್ಯಕ್ಕೂ ಮೊದಲು ದುಡ್ಡು ಕೊಡಬೇಕು. ಇದನ್ನು ಕೆಲವರು ಟೀಕಿಸುತ್ತಿದ್ದಾರೆ. ನಾನು ಆ ಗುಂಪಿನವನಲ್ಲ. ಹಿರಿಯರ ಸಂಪ್ರದಾಯವನ್ನು ಇಷ್ಟು ಶ್ರದ್ಧೆಯಿಂದ ನಡೆಸಿಕೊಂಡು ಬರುತ್ತಿರುವ ನಗರಾಡಳಿತವನ್ನು ಟೀಕಿಸಲು ಮನಸ್ಸಾದರೂ ಹೇಗೆ ಬರುತ್ತದೆ?

ರೋಮನ್ನರು ಜಗತ್ತಿಗೆ ಕೊಟ್ಟದ್ದೇನು ಎಂದು ಕೇಳಿದರೆ ಶಾಲೆಯ ಮಕ್ಕಳೂ ರಸ್ತೆ, ಕಾನೂನು, ಕಾಂಕ್ರೀಟು ಎಂದು ಒಂದೇ ಉಸಿರಿನಲ್ಲಿ ಒಪ್ಪಿಸಿಬಿಡುತ್ತಾರೆ. ರಸ್ತೆ ಕಿತ್ತುಹೋಗುತ್ತದೆ, ಕಾನೂನಿಗೆ ತಿದ್ದುಪಡಿ ಬರುತ್ತದೆ. ಎರಡು ಸಾವಿರ ವರ್ಷಗಳಿಂದ ಒಂದು ಬಿರುಕೂ ಬಿಡದೆ ನಿಂತಿರುವ ರೋಮನ್ ನಿರ್ಮಾಣವೆಂದರೆ ಸುಂಕದ ಕಟ್ಟೆಯೊಂದೇ.

ಕ್ರಿ.ಶ. 69ರಲ್ಲಿ ಪಟ್ಟಕ್ಕೆ ಬಂದ ವೆಸ್ಪಾಸಿಯನ್ ಚಕ್ರವರ್ತಿಯನ್ನು ಈ ಕಟ್ಟೆಯ ಕುಲದೇವತೆ ಎನ್ನಬಹುದು. ಅವನ ತಂದೆ ಏಷ್ಯಾ ಪ್ರಾಂತ್ಯದಲ್ಲಿ ಶೇಕಡಾ ಎರಡೂವರೆ ಸುಂಕ ಎತ್ತುತ್ತಿದ್ದವನು. 'ಪ್ರಾಮಾಣಿಕ ಸುಂಕದವನಿಗೆ' ಎಂದು ಬರೆಸಿ ಅಲ್ಲಿನ ಊರುಗಳವರು ಆತನ ಪ್ರತಿಮೆಗಳನ್ನು ನಿಲ್ಲಿಸಿದ್ದರೆಂದು ರೋಮನ್ ಚರಿತ್ರಕಾರ ಸ್ಯೂಟೋನಿಯಸ್ ದಾಖಲಿಸಿದ್ದಾನೆ. ಅಂಥ ಪ್ರಾಣಿ ಮತ್ತೆ ಕಣ್ಣಿಗೆ ಬೀಳುವುದು ಅನುಮಾನವೆಂದು ಅವರಿಗೆ ಆಗಲೇ ಗೊತ್ತಿತ್ತು. ಮಗ ಇನ್ನೂ ಮುಂದೆ ಹೋಗಿ ಮೂತ್ರದ ಮೇಲೆ ತೆರಿಗೆ ಹಾಕಿದ. ಅಂದಿನ ರೋಮಿನಲ್ಲಿ ಉಣ್ಣೆಯ ಬಟ್ಟೆ ಒಗೆಯುವವರು ಸೋಪಿನ ಬದಲು ಹಳಸಿದ ಮೂತ್ರವನ್ನು ಬಳಸುತ್ತಿದ್ದರು, ಅದಕ್ಕೊಂದು ಮಾರುಕಟ್ಟೆಯೂ ಇತ್ತು. ಇದೆಂಥ ಅಸಹ್ಯ ಎಂದು ವೆಸ್ಪಾಸಿಯನ್ನನ ಮಗ ಟೈಟಸ್ ಮುಖ ಸಿಂಡರಿಸಿದಾಗ, ತೆರಿಗೆಯಿಂದ ಬಂದ ಮೊದಲ ಕಂತಿನ ನಾಣ್ಯವೊಂದನ್ನು ಅವನ ಮೂಗಿಗೆ ಹಿಡಿದು, ವಾಸನೆ ಬರುತ್ತಿದೆಯೇ ಎಂದು ಅಪ್ಪ ಕೇಳಿದನಂತೆ. ಇಟಲಿಯಲ್ಲಿ ರಸ್ತೆಬದಿಯ ಮೂತ್ರಾಲಯಕ್ಕೆ ಚಕ್ರವರ್ತಿಯ ಹೆಸರೇ ನಿಂತಿತು: ವೆಸ್ಪಾಸಿಯಾನೊ.

ಆದರೆ ಒಂದು ವ್ಯತ್ಯಾಸವನ್ನು ಗಮನಿಸಬೇಕು. ತೆರಿಗೆ ಬಿದ್ದದ್ದು ಮೂತ್ರದಿಂದ ಲಾಭ ಮಾಡುವವರ ಮೇಲೆ, ಮೂತ್ರ ಮಾಡುವವರ ಮೇಲಲ್ಲ ಎಂಬುದು ಇತಿಹಾಸಕಾರರ ಸಾಮಾನ್ಯ ಅಭಿಪ್ರಾಯ. ಆ ಕೊರತೆಯನ್ನು ನಾವು ತುಂಬಿಕೊಂಡಿದ್ದೇವೆ. ಈಚೆಗೆ ಒಂದು ಬಸ್ ನಿಲ್ದಾಣದಲ್ಲಿ, 'ಮೂತ್ರ ವಿಸರ್ಜನೆ ಉಚಿತ' ಎಂದು ದಪ್ಪಕ್ಷರದಲ್ಲಿ ಬರೆದಿದ್ದ ಬೋರ್ಡಿನ ನೇರ ಕೆಳಗೆ, ಕಾಲು ಮುರಿದ ಪ್ಲಾಸ್ಟಿಕ್ ಕುರ್ಚಿಗೆ ಇಟ್ಟಿಗೆ ಕೊಟ್ಟು ಕೂತಿದ್ದವನೊಬ್ಬ ನನ್ನನ್ನು ತಡೆದ. ಅವನ ಮುಂದಿನ ಸ್ಟೀಲ್ ತಟ್ಟೆಯಲ್ಲಿ, ನೋಡಿದವರಿಗೆ ದರ ತಾನಾಗಿ ತಿಳಿಯಲೆಂದು, ನಾಲ್ಕಾರು ಐದು ರೂಪಾಯಿ ನಾಣ್ಯಗಳನ್ನು ಹರಡಿ ಇಟ್ಟಿದ್ದ. "ಉಚಿತ ಅಂತ ಬರೆದಿದೆಯಲ್ಲಪ್ಪಾ" ಎಂದೆ. "ಬರೆದೋರನ್ನೇ ಕೇಳಿ ಸಾರ್" ಎಂದ, ತಲೆ ಎತ್ತದೆ. ಸುಂಕದವನ ಮುಂದೆ ಸುಖದುಃಖ ಹೇಳಿಕೊಳ್ಳುವ ಸ್ಥಿತಿಯಲ್ಲಿ ನಾನು ಇರಲಿಲ್ಲವಾದ್ದರಿಂದ ಐದು ರೂಪಾಯಿ ತಟ್ಟೆಗೆ ಬಿತ್ತು. ನಾಣ್ಯಕ್ಕೆ ವಾಸನೆ ಇರಲಿಲ್ಲ. ಒಳಗೆ ಮಾತ್ರ ಇತ್ತು.

ಗೋಡೆಯ ಮೇಲಿನ ಕ್ಯಾಲೆಂಡರನ್ನಾದರೂ ನಿರಪಾಯಕಾರಿ ಎಂದುಕೊಂಡಿದ್ದೆ. ಜುಲೈ ಜೂಲಿಯಸ್ ಸೀಸರನದು, ಆಗಸ್ಟ್ ಅಗಸ್ಟಸನದು ಎಂಬುದಷ್ಟೇ ನನಗೆ ಗೊತ್ತಿದ್ದ ವಿಷಯ. ಮೂಲದಲ್ಲಿ 'ಕ್ಯಾಲೆಂಡರ್' ಎಂಬ ಪದದ ಅರ್ಥ ಬಡ್ಡಿ ವ್ಯಾಪಾರಿಯ ಲೆಕ್ಕದ ಪುಸ್ತಕವಂತೆ; ತಿಂಗಳ ಮೊದಲ ದಿನವಾದ ಕ್ಯಾಲೆಂಡ್ಸ್‌ನಂದು ಬಡ್ಡಿ ಕಟ್ಟಬೇಕಿತ್ತಾದ್ದರಿಂದ ಆ ಹೆಸರು. ಏಕಾದಶಿ, ಸಂಕಷ್ಟಿಗಳನ್ನು ಹುಡುಕುತ್ತಾ ನಾವು ದಿನವೂ ಮಗುಚುವುದು ಸಾಲದ ಖಾತೆಯ ಹಾಳೆಯನ್ನೇ. ಕಂತಿನ ದಿನಕ್ಕೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕುವ ಗೃಹಿಣಿಯೊಬ್ಬರೇ ಅದನ್ನು ಸರಿಯಾಗಿ ಓದುತ್ತಿರುವವರು.

ನಮ್ಮ ಪಶ್ಚಿಮ ಕರಾವಳಿಯ ಮೆಣಸೂ ಈ ಕಟ್ಟೆಯನ್ನು ದಾಟಿಯೇ ಹೋಗುತ್ತಿತ್ತು. ವರ್ಷಕ್ಕೆ ಐದು ಕೋಟಿ ಸೆಸ್ಟರ್ಸ್ ಹಣವನ್ನು ಭಾರತ ಹೀರಿಕೊಳ್ಳುತ್ತಿದೆ ಎಂದು ರೋಮನ್ ಲೇಖಕ ಪ್ಲಿನಿ ಗೋಳಾಡಿದ್ದಾನೆ. ಪೂರ್ವದ ಸರಕಿನ ಮೌಲ್ಯದಲ್ಲಿ ಕಾಲು ಭಾಗ, ಎಂದರೆ ಶೇಕಡಾ 25, ಗಡಿಯಲ್ಲೇ ಸಾಮ್ರಾಜ್ಯದ ಬುಟ್ಟಿಗೆ ಬೀಳುತ್ತಿದ್ದುದನ್ನು ಆ ಗೋಳಿನ ಜೊತೆಗೆ ಹೇಳುವ ಅಗತ್ಯ ಅವನಿಗೆ ಕಂಡಿಲ್ಲ. ಬುಟ್ಟಿ ಎಂದದ್ದು ಅಲಂಕಾರಕ್ಕಲ್ಲ, ಚಕ್ರವರ್ತಿಯ ಖಜಾನೆಗಿದ್ದ 'ಫಿಸ್ಕಸ್' ಎಂಬ ಹೆಸರಿನ ಅರ್ಥವೇ ಬುಟ್ಟಿ. ಚಿತ್ರದುರ್ಗದ ಚಂದ್ರವಳ್ಳಿಯ ಮಣ್ಣಿನಲ್ಲಿ ಸಿಕ್ಕ ರೋಮನ್ ನಾಣ್ಯಗಳು ಆ ಬುಟ್ಟಿಗೆ ಹಿಂತಿರುಗದೆ ಉಳಿದ ಪುಣ್ಯವಂತರು.

ರೋಮನ್ನರ ನಿಜವಾದ ಪ್ರತಿಭೆ ಇರುವುದು ವಸೂಲಿಯನ್ನು ಗುತ್ತಿಗೆ ಕೊಟ್ಟಿದ್ದರಲ್ಲಿ. ಪ್ರಾಂತ್ಯದ ತೆರಿಗೆಯನ್ನು ಹರಾಜು ಹಾಕುತ್ತಿದ್ದರು. ಕೂಗಿಕೊಂಡವರು ಸರ್ಕಾರಕ್ಕೆ ಒಪ್ಪಿದ ಮೊತ್ತವನ್ನು ಕಟ್ಟಿ, ಜನರಿಂದ ಹಿಂಡಿದ ಉಳಿದುದನ್ನು ಇಟ್ಟುಕೊಳ್ಳುತ್ತಿದ್ದರು. ಸರ್ಕಾರದ ಕೈ ಸದಾ ಶುಭ್ರ. ತೆರಿಗೆ ಕಟ್ಟಲಾರದ ಊರಿಗೆ ಸಾಲ ಕೊಡಲು ರೋಮಿನ ಸಭ್ಯರು ಸಿದ್ಧರಿದ್ದರು. ಸೈಪ್ರಸ್‌ನ ಸಲಾಮಿಸ್ ಊರಿಗೆ ಶೇಕಡಾ 48ರ ಬಡ್ಡಿಗೆ ಹಣ ಕೊಟ್ಟವನು ಕಾಲೇಜಿನ ಷೇಕ್ಸ್‌ಪಿಯರ್ ಪಾಠದಲ್ಲಿ ನಮಗೆ ಮಹಾ ಸಜ್ಜನನೆಂದು ಪರಿಚಯಿಸಲಾದ ಅದೇ ಬ್ರೂಟಸ್. ವಸೂಲಿಗೆ ಹೋದ ಅವನ ಏಜೆಂಟ್ ಸ್ಕಾಪ್ಟಿಯಸ್ ಕುದುರೆ ಸವಾರರೊಂದಿಗೆ ಊರಿನ ಸಭಾಭವನವನ್ನು ಸುತ್ತುವರಿದ, ಒಳಗಿದ್ದ ಸದಸ್ಯರಲ್ಲಿ ಐವರು ಹಸಿವಿನಿಂದ ಸತ್ತರು. ಕ್ರಿ.ಪೂ. 51ರಲ್ಲಿ ಅಲ್ಲಿಗೆ ಗವರ್ನರ್ ಆಗಿ ಬಂದ ಸಿಸೆರೊ ಶೇಕಡಾ 12ರ ಮಿತಿ ಹಾಕಿ ಸವಾರರನ್ನು ವಾಪಸು ಕಳಿಸಿದ, ನಿಜ. ಆದರೆ ಆ ಲೆಕ್ಕದಂತೆ ಊರಿನವರು ಹಣ ಕಟ್ಟಲು ಬಂದಾಗ, ಬ್ರೂಟಸನ ಮುಖ ನೋಡಿ, ತೀರ್ಪು ಕೊಡದೆ ಕಡತವನ್ನು ಮುಂದಿನವನಿಗೆ ಬಿಟ್ಟು ಹೊರಟ.

ಇಲ್ಲಿ ನನ್ನಿಂದ ತಮಾಷೆ ಮಾಡಲಾಗುತ್ತಿಲ್ಲ. ವಾರದ ಕಂತು ತಪ್ಪಿದ ಮನೆಯ ಜಗಲಿಯ ಮೇಲೆ ಬೆಳಗ್ಗೆಯಿಂದ ಕೂತು, ಅಕ್ಕಪಕ್ಕದವರಿಗೆ ಕೇಳುವಂತೆ ಮಾತನಾಡುವ ಏಜೆಂಟನನ್ನು ನಾನು ನೋಡಿದ್ದೇನೆ. ಬಾಗಿಲ ಹಿಂದೆ ಉಸಿರು ಬಿಗಿಹಿಡಿದು ನಿಂತ ಹೆಂಗಸನ್ನೂ ನೋಡಿದ್ದೇನೆ. ಆ ಏಜೆಂಟನಿಗೆ ಕುದುರೆ ಇಲ್ಲ, ಬೈಕ್ ಇದೆ. ಸಾಲ ಕೊಟ್ಟ ಸಜ್ಜನರು ಎಂದೂ ಆ ಬೀದಿಗೆ ಬರುವುದಿಲ್ಲ. 2025ರಲ್ಲಿ ಕರ್ನಾಟಕ ಸರ್ಕಾರ ಕಿರುಸಾಲ ವಸೂಲಿಯ ಕಿರುಕುಳದ ವಿರುದ್ಧ ಸುಗ್ರೀವಾಜ್ಞೆ ಹೊರಡಿಸಬೇಕಾಯಿತು, ಅದೂ ಎಷ್ಟೋ ಮನೆಗಳಲ್ಲಿ ಸಾವಾದ ಮೇಲೆ.

ಇರಲಿ, ಕಾರಂಜಿಗೆ ಬರೋಣ. ಟ್ರೆವಿಗೆ ನೀರು ತರುವ ಕಾಲುವೆಯ ಮೂಲ ಹೆಸರು ಅಕ್ವಾ ವಿರ್ಗೊ, ಕ್ರಿ.ಪೂ. 19ರಲ್ಲಿ ಅದನ್ನು ಕಟ್ಟಿಸಿದವನು ಅಗಸ್ಟಸನ ಆಪ್ತ ಅಗ್ರಿಪ್ಪ. ತಾನು ಕಟ್ಟಿಸಿದ ಸ್ನಾನಗೃಹಗಳಿಗೆ ಆ ನೀರನ್ನು ಹರಿಸಿದ ಅವನು, ಸಾಯುವಾಗ ಅವುಗಳನ್ನು ಜನರಿಗೇ ಬರೆದುಕೊಟ್ಟು, ಯಾರೂ ಕಾಸು ಕೊಡದೆ ಮೀಯಬೇಕೆಂದು ಅದರ ಖರ್ಚಿಗೆ ಜಮೀನುಗಳನ್ನೂ ಬಿಟ್ಟುಹೋದ. ಮೀಯುವುದಕ್ಕೆ ಪುಕ್ಕಟೆಯಾಗಿದ್ದ ನೀರು ಈಗ ನೋಡುವುದಕ್ಕೆ ಎರಡು ಯೂರೊ. ರೋಮಿನ ನಿವಾಸಿಗಳಿಗೆ ಉಚಿತವೆಂದು ಬೋರ್ಡು ಹಾಕಿದ್ದಾರಂತೆ. ಅದರ ಕೆಳಗೆ ಕುರ್ಚಿಯಲ್ಲಿ ಯಾರನ್ನು ಕೂರಿಸಿದ್ದಾರೋ ನೋಡಬೇಕು.