ಸೋಲುವವರು ಬೇಕಾಗಿದ್ದಾರೆ

ರಷ್ಯದ ಅಧ್ಯಕ್ಷ ಚುನಾವಣೆಯಲ್ಲಿ ಗೆಲ್ಲುವ ಹುದ್ದೆ ಖಾಲಿಯಿಲ್ಲ. ಅದು 2000ದಲ್ಲೇ ಪುಟಿನ್ ಅವರಿಂದ ಭರ್ತಿಯಾಯಿತು. ನಡುವೆ ಒಮ್ಮೆ, ಸತತ ಎರಡೇ ಅವಧಿ ಎಂದು ಸಂವಿಧಾನ ಅಡ್ಡ ಬಂತು. ಆಗ, 2008ರಿಂದ ನಾಲ್ಕು ವರ್ಷ, ದ್ಮಿತ್ರಿ ಮೆಡ್ವೆಡೆವ್ ಬಸ್ಸಿನ ಸೀಟಿಗೆ ಟವೆಲ್ ಹಾಕಿದ ಹಾಗೆ ಜಾಗ ಹಿಡಿದು ಕೂತರು. ಯಜಮಾನರು ವಾಪಸ್ ಬಂದ ಕೂಡಲೇ ಎದ್ದು ಬಿಟ್ಟುಕೊಟ್ಟರು. ಹಾಗಾಗಿ ಕ್ರೆಮ್ಲಿನ್‌ಗೆ ಗೆಲುವಿನ ಚಿಂತೆಯಿಲ್ಲ. ಆರು ವರ್ಷಕ್ಕೊಮ್ಮೆ ಅದರ ನಿದ್ದೆ ಕೆಡಿಸುವುದು ಇನ್ನೊಂದು ಪ್ರಶ್ನೆ: ಈ ಸಲ ಸೋಲುವವರು ಯಾರು?

ಒಂದೇ ಹೆಸರಿರುವ ಮತಪತ್ರ ನೋಡಲು ಚೆನ್ನಾಗಿರುವುದಿಲ್ಲ. ಹಾಗಂತ ದಾರಿಯಲ್ಲಿ ಹೋಗುವವರನ್ನು ಕರೆದು ನಿಲ್ಲಿಸಿದರೆ, ಗ್ರಹಚಾರ, ಆಸಾಮಿ ಗೆಲ್ಲಲೇ ಹೊರಟರೆ? ಆದ್ದರಿಂದ ಸೋಲುವುದು ಅಲ್ಲಿ ಅನುಭವಸ್ಥರ ಕೆಲಸ. ಕಮ್ಯುನಿಸ್ಟ್ ಪಕ್ಷದ ನಿಕೊಲಾಯ್ ಖಾರಿತೊನೊವ್ ಅವರನ್ನೇ ನೋಡಿ. 2004ರಲ್ಲಿ ಶೇ 13.69 ಮತ ಪಡೆದು ಎರಡನೇ ಸ್ಥಾನ. ಇಪ್ಪತ್ತು ವರ್ಷ ಬಿಟ್ಟು 2024ರಲ್ಲಿ ಮತ್ತೆ ನಿಂತರು, ಶೇ 4.31. ಆಗಲೂ ಎರಡನೇ ಸ್ಥಾನವೇ! ಮತ ಮೂರನೇ ಒಂದು ಭಾಗಕ್ಕಿಳಿದರೂ ರ್‍ಯಾಂಕ್ ಇಳಿಯಲಿಲ್ಲ. ಲಿಬರಲ್ ಡೆಮಾಕ್ರಟಿಕ್ ಪಕ್ಷದ (ಹೆಸರಿನಲ್ಲಿರುವ ಎರಡೂ ಗುಣ ಪಕ್ಷದಲ್ಲಿ ಹುಡುಕಬೇಡಿ) ಲಿಯೊನಿದ್ ಸ್ಲುತ್ಸ್ಕಿಯಂತೂ ಪುಟಿನ್ ಅವರನ್ನು ಸೋಲಿಸುವ ಕನಸು ತನಗಿಲ್ಲ ಎಂದು ಮೊದಲೇ ಹೇಳಿ ಕಣಕ್ಕಿಳಿದರು. ನಮ್ಮ ಕಡೆ ಠೇವಣಿ ಕಳೆದುಕೊಳ್ಳುವುದು ಗ್ಯಾರಂಟಿ ಇರುವ ಅಭ್ಯರ್ಥಿಯೂ ಮತ ಎಣಿಕೆಯ ಹಿಂದಿನ ರಾತ್ರಿಯವರೆಗೆ "ಜನ ನನ್ನ ಜೊತೆಗಿದ್ದಾರೆ" ಅನ್ನುತ್ತಾನೆ. ಇಂಥ ಪ್ರಾಮಾಣಿಕತೆ ಅವನಿಗೆ ಎಲ್ಲಿಂದ ಬರಬೇಕು!

ಸೋಲಿಗೂ ಹದ ಇದೆ. 2018ರಲ್ಲಿ ಸ್ಟ್ರಾಬೆರಿ ಬೆಳೆಸುವ ಫಾರ್ಮಿನ ಒಡೆಯ ಪಾವೆಲ್ ಗ್ರುದಿನಿನ್ ಕಮ್ಯುನಿಸ್ಟರ ಪರ ನಿಂತರು. ಶೇ 15ಕ್ಕಿಂತ ಕಡಿಮೆ ಬಂದರೆ ಮೀಸೆ ಬೋಳಿಸುತ್ತೇನೆಂದು ಒಂದು ಸಂದರ್ಶನದಲ್ಲಿ ಪಂಥ ಕಟ್ಟಿದ್ದರು. ಬಂದದ್ದು ಶೇ 11.77. ಮನುಷ್ಯ ಮಾತಿಗೆ ತಪ್ಪಲಿಲ್ಲ, ಬೋಳಿಸಿಯೇಬಿಟ್ಟರು. ಆದರೆ ಹನ್ನೊಂದು ಮುಕ್ಕಾಲು ಕೂಡ ಜಾಸ್ತಿಯಾಯಿತೇನೋ. 2021ರಲ್ಲಿ ಸಂಸತ್ತಿಗೆ ನಿಲ್ಲಲು ಹೋದಾಗ ವಿದೇಶದಲ್ಲಿ ಆಸ್ತಿ ಇದೆಯೆಂದು ಚುನಾವಣಾ ಆಯೋಗ ಅವರ ಹೆಸರನ್ನೇ ಹೊಡೆದುಹಾಕಿತು.

ಹೊಸಬರ ಅರ್ಜಿ ಪರಿಶೀಲನೆ ಬಲು ಕಟ್ಟುನಿಟ್ಟು. 2023ರ ಡಿಸೆಂಬರ್‌ನಲ್ಲಿ ಏಕತೆರಿನಾ ದುಂತ್ಸೋವಾ ಎಂಬ ಮಾಜಿ ಟಿವಿ ಪತ್ರಕರ್ತೆ ಯುದ್ಧ ನಿಲ್ಲಿಸಬೇಕು ಎಂದುಕೊಂಡು ಅರ್ಜಿ ಹಾಕಿದರು. ಆಯೋಗ ಅವರ ಕಾಗದಪತ್ರಗಳಲ್ಲಿ ನೂರು ತಪ್ಪು ಹುಡುಕಿತು. ಅಕ್ಷರ ತಪ್ಪುಗಳೂ ಅದರಲ್ಲಿದ್ದವು. ಆಯೋಗದ ಅಧ್ಯಕ್ಷೆ ಎಲ್ಲಾ ಪಾಂಫಿಲೋವಾ ಎಂಬುವರು ಅರ್ಜಿ ತಿರಸ್ಕರಿಸಿ, ನಿಮಗಿನ್ನೂ ಚಿಕ್ಕ ವಯಸ್ಸು, ಎಲ್ಲವೂ ಮುಂದಿದೆ ಎಂದು ಸಮಾಧಾನ ಹೇಳಿದರು. ಹಾಲಿ ಅಧ್ಯಕ್ಷರು 2036ರವರೆಗೆ ಇರಲು ಸಂವಿಧಾನದಲ್ಲೇ ದಾರಿ ಮಾಡಿಟ್ಟ ದೇಶದಲ್ಲಿ ಇದಕ್ಕಿಂತ ಒಳ್ಳೆಯ ಆಶೀರ್ವಾದ ಬೇಕೆ?

ಆಮೇಲೆ ಬಂದವರು ಬೋರಿಸ್ ನದೇಜ್ದಿನ್. ಇವರದೂ ಯುದ್ಧ ಬೇಡವೆನ್ನುವ ಚಾಳಿ. ಜನವರಿಯ ಹಿಮದಲ್ಲಿ ಜನ ಸಾಲು ನಿಂತು ಇವರಿಗಾಗಿ ಸಹಿ ಹಾಕಿದರು. ಲಕ್ಷ ಸಹಿ ಬೇಕಿತ್ತು, ಅದಕ್ಕಿಂತ ಹೆಚ್ಚೇ ಒಪ್ಪಿಸಿದರು. ಆಯೋಗ ಅದರಲ್ಲಿ 60,000 ಸಹಿ ತೆಗೆದು ನೋಡಿ 9,000ಕ್ಕೂ ಹೆಚ್ಚು ಸರಿಯಿಲ್ಲ ಎಂದಿತು. ಸತ್ತವರೂ ಸಹಿ ಹಾಕಿದ್ದಾರಂತೆ. ಸ್ವತಂತ್ರ ಅಭ್ಯರ್ಥಿ ಪುಟಿನ್ ಅವರೂ ಪಾಪ ಸಹಿ ಸಂಗ್ರಹಿಸಿದ್ದರು. ಅವುಗಳಲ್ಲೂ 60,000 ಪರೀಕ್ಷಿಸಿದರು; ದೋಷ ಶೇ 0.15. ಗಮನಿಸಿ, ಸೊನ್ನೆ ಅಲ್ಲ! ಆಯೋಗ ನಿಷ್ಪಕ್ಷಪಾತಿ ಎನ್ನುವುದಕ್ಕೆ ಆ 0.15ಕ್ಕಿಂತ ಪುರಾವೆ ಬೇಕೆ?

ಒಮ್ಮೊಮ್ಮೆ ಎದುರಾಳಿಯನ್ನು ಹೊರಗಿಡುವ ಬದಲು ಅವನನ್ನೇ ಹೆಚ್ಚು ಮಾಡುತ್ತಾರೆ. 2021ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್ ನಗರದ ಶಾಸನಸಭೆಗೆ ವಿರೋಧ ಪಕ್ಷದ ಬೋರಿಸ್ ವಿಷ್ನೆವ್‌ಸ್ಕಿ ನಿಂತಿದ್ದರು. ಅದೇ ಕ್ಷೇತ್ರದಲ್ಲಿ ಇನ್ನಿಬ್ಬರು ಕಾನೂನುಬದ್ಧವಾಗಿ ಹೆಸರು ಬದಲಿಸಿಕೊಂಡು ಬೋರಿಸ್ ವಿಷ್ನೆವ್‌ಸ್ಕಿಗಳಾದರು. ಮತಗಟ್ಟೆಯ ಪೋಸ್ಟರಿನಲ್ಲಿ ನೋಡಿದರೆ ಮೂವರಿಗೂ ಒಂದೇ ತರದ ನರೆತ ಗಡ್ಡ, ಒಂದೇ ತರದ ಬೋಳು ಹಣೆ. ಮೊದಲಿನ ವಿಷ್ನೆವ್‌ಸ್ಕಿ ಆ ಕ್ಷೇತ್ರದಲ್ಲಿ ಸೋತರು. 2019ರಲ್ಲಿ ಮಂಡ್ಯದವರೂ ಸುಮಲತಾ ಎದುರು ಮೂವರು ಸುಮಲತಾರನ್ನು ಕಂಡಿದ್ದಾರೆ. ಅಲ್ಲಿ ಹೆಸರಷ್ಟೇ ಒಂದು, ಮುಖ ಅವರವರದೇ ಇತ್ತು. ಮತದಾರರೂ ಗುರುತು ಹಿಡಿದು ಲಕ್ಷಕ್ಕೂ ಹೆಚ್ಚು ಮತದಿಂದ ಗೆಲ್ಲಿಸಿದರು. ಗಡ್ಡ ಬೆಳೆಸುವಷ್ಟು ಶ್ರದ್ಧೆ ನಮ್ಮವರಿಗಿಲ್ಲ. ರಷ್ಯದ ಪ್ರಜಾಪ್ರಭುತ್ವದಲ್ಲಿ ಒಬ್ಬರ ಮೀಸೆ ಹೋಯಿತು, ಇಬ್ಬರಿಗೆ ಗಡ್ಡ ಬಂತು, ಕ್ಷೌರಿಕರಿಗಂತೂ ನಷ್ಟವಿಲ್ಲ.

2036ರ ಮಾತು ಬಂತಲ್ಲ, ಅದರ ಕತೆ ಹೀಗೆ. 2020ರ ಮಾರ್ಚ್ 10ರಂದು ಸಂಸತ್ತಿನಲ್ಲಿ ವಲೆಂಟಿನಾ ತೆರೆಶ್ಕೋವಾ ಎದ್ದು ನಿಂತರು. 1963ರಲ್ಲಿ ಬಾಹ್ಯಾಕಾಶಕ್ಕೆ ಹೋದ ಮೊದಲ ಮಹಿಳೆ, ಭೂಮಿಯನ್ನು 48 ಸುತ್ತು ಹಾಕಿ ಬಂದವರು. ಸಂವಿಧಾನ ಹೇಗೂ ತಿದ್ದುತ್ತಿದ್ದೇವೆ, ಪುಟಿನ್ ಈವರೆಗೆ ಆಳಿದ ಅವಧಿಗಳನ್ನೆಲ್ಲ ಸೊನ್ನೆ ಎಂದು ಎಣಿಸೋಣ ಎಂದರು. ಅಷ್ಟು ಸುತ್ತು ಹಾಕಿದವರಿಗೆ ಎಣಿಕೆ ಮತ್ತೆ ಮೊದಲಿಂದ ಶುರು ಮಾಡುವುದು ದೊಡ್ಡದೇನಲ್ಲ. ಅದೇ ದಿನ ಪುಟಿನ್ ಸಂಸತ್ತಿಗೆ ಖುದ್ದು ಬಂದು, ಸಾಂವಿಧಾನಿಕ ನ್ಯಾಯಾಲಯ ಒಪ್ಪಿದರೆ ನನ್ನದೂ ಒಪ್ಪಿಗೆ ಎಂದರು. ನ್ಯಾಯಾಲಯ ಒಂದು ವಾರದೊಳಗೆ ಒಪ್ಪಿತು. ಆಮೇಲೆ ಜನರನ್ನು ಕೇಳುವ ಶಾಸ್ತ್ರ. ಕೊರೊನಾ ಕಾಲವಾದ್ದರಿಂದ ಒಂದು ವಾರ ಮತದಾನ. ಕೆಲವು ಕಡೆ ಅಂಗಳದ ಬೆಂಚು, ಮರದ ಬೊಡ್ಡೆ, ಕಾರಿನ ಡಿಕ್ಕಿಯೇ ಮತಗಟ್ಟೆ. ಮಾಸ್ಕೋದಲ್ಲಿ ಮತ ಹಾಕಿದವರಿಗೆ ಬಹುಮಾನದ ಲಾಟರಿ. ತಿದ್ದಿದ ಸಂವಿಧಾನದ ಪ್ರತಿಗಳು ಮತದಾನಕ್ಕೆ ಮೊದಲೇ ಪುಸ್ತಕದಂಗಡಿಗೆ ಬಂದಿದ್ದವು. ಮುದ್ರಕರ ದೂರದೃಷ್ಟಿ ಹುಸಿಯಾಗಲಿಲ್ಲ, ಶೇ 77.92 ಜನ ಹೌದೆಂದರು.

2024ರಲ್ಲಿ ರಷ್ಯ ತನ್ನದೆಂದು ಘೋಷಿಸಿಕೊಂಡ ಉಕ್ರೇನಿನ ನೆಲದಲ್ಲೂ ಮತದಾನ ನಡೆಯಿತು. ಅಲ್ಲಿ ಮತಪೆಟ್ಟಿಗೆ ಮನೆ ಬಾಗಿಲಿಗೇ ಬಂತು, ಹಿಂದೆಯೇ ಬಂದೂಕು ಹಿಡಿದವರೂ ಬಂದರು. ಇದನ್ನು ತಮಾಷೆ ಮಾಡಲು ನನಗೆ ಬರುವುದಿಲ್ಲ.

ಸೋಲಲು ಒಪ್ಪದ ಒಬ್ಬರಿದ್ದರು, ವಿರೋಧ ಪಾಳಯದ ನಾಯಕ ಅಲೆಕ್ಸೇಯ್ ನವಾಲ್ನಿ. 2018ರಲ್ಲಿ ಅವರನ್ನು ಸೋಲುವುದಕ್ಕೂ ಬಿಡಲಿಲ್ಲ, ಅರ್ಜಿಯನ್ನೇ ತಡೆದರು. 2020ರಲ್ಲಿ ವಿಷ, ಆಮೇಲೆ ಸೆರೆ. 2024ರ ಚುನಾವಣೆಯ ಕೊನೆಯ ದಿನ ಮಧ್ಯಾಹ್ನ ಸರಿಯಾಗಿ ಹನ್ನೆರಡಕ್ಕೆ ಎಲ್ಲರೂ ಮತಗಟ್ಟೆಗೆ ಹೋಗಿ ಸಾಲು ನಿಲ್ಲಿ ಎಂಬ ಕರೆಯನ್ನು ಸೆರೆಯಿಂದಲೇ ಬೆಂಬಲಿಸಿದ್ದರು. ಆ ವರ್ಷದ ಫೆಬ್ರುವರಿ 16ರಂದು ಆರ್ಕ್‌ಟಿಕ್‌ನ ಜೈಲಿನಲ್ಲಿ ಸತ್ತರು. ಕರೆ ಉಳಿಯಿತು. ಸರ್ಕಾರಕ್ಕೆ ಫಜೀತಿ: ಮತ ಹಾಕಿ ಎಂದು ಗೋಗರೆದದ್ದು ತಾನೇ, ಈಗ ಹಾಕಲು ಬಂದವರನ್ನು ಹಿಡಿಯುವುದು ಹೇಗೆ? ಮಾಸ್ಕೋದ ಪ್ರಾಸಿಕ್ಯೂಟರ್ ಕಚೇರಿ ಇಂಥ ಕರೆಗಳ ಬಗ್ಗೆ ಎಚ್ಚರಿಕೆ ಹೊರಡಿಸಿತು. ಬೆಳಿಗ್ಗೆ ಹತ್ತಕ್ಕೆ ಬಂದರೆ ದೇಶಭಕ್ತ, ಹನ್ನೆರಡಕ್ಕೆ ಬಂದರೆ ಅನುಮಾನ. ಆದರೂ ಮಾರ್ಚ್ 17ರ ಮಧ್ಯಾಹ್ನ ಸಾಲುಗಳು ಬೆಳೆದವು.

ಫಲಿತಾಂಶ ಶೇ 87.28. ಆ ರಾತ್ರಿ ಪುಟಿನ್ ಪತ್ರಕರ್ತರ ಮುಂದೆ ಕೂತು, ವರ್ಷಗಟ್ಟಲೆ ಬಾಯಿಗೆ ತರದಿದ್ದ ನವಾಲ್ನಿಯ ಹೆಸರನ್ನು ಹೇಳಿದರು. ಸತ್ತಿದ್ದಕ್ಕೆ, ಜೀವನವೇ ಹಾಗೆ ಎಂದರು. ಮಧ್ಯಾಹ್ನದ ಸಾಲಿನ ಬಗ್ಗೆ ಕೇಳಿದಾಗ, ಮತ ಹಾಕಲು ಬನ್ನಿ ಎಂದು ಕರೆದಿದ್ದರೆ ಅದಕ್ಕಾಗಿ ಅವರನ್ನು ಹೊಗಳುತ್ತೇನೆ ಎಂದರು. ಹೊಗಳದೆ ಏನು? ಹನ್ನೆರಡು ಗಂಟೆಗೆ ಬಂದು ನಿಂತವರೆಲ್ಲ ಶೇ 77.49ರ ಮತದಾನದ ಲೆಕ್ಕಕ್ಕೆ ಜಮೆಯಾಗಿದ್ದರು.