ಕೈಗೆಟಕುವ ಮನೆಗೆ ಎಷ್ಟು ಉದ್ದದ ಕೈ ಬೇಕು?

ಲಂಡನ್ನಿನಲ್ಲಿ ಕೈಗೆಟಕುವ ಬೆಲೆಯ ಮನೆಗಳು ಸಾಲುತ್ತಿಲ್ಲ ಎಂಬ ಕೂಗು ಕೊನೆಗೂ ದೊರೆಗಳ ಕಿವಿಗೆ ಬಿದ್ದಿದೆ. ಪರಿಹಾರವೂ ಸಿಕ್ಕಿದೆ: ಅಂಥ ಮನೆಗಳನ್ನು ಇನ್ನಷ್ಟು ಕಡಿಮೆ ಮಾಡುವುದು. ನೂರು ಮನೆ ಕಟ್ಟುವವರು 35ನ್ನು ಕೈಗೆಟಕುವ ದರಕ್ಕೆ ಬಿಟ್ಟುಕೊಟ್ಟರೆ ಪರವಾನಗಿ ಬೇಗ ಸಿಗುತ್ತದೆ ಎಂಬ ನಿಯಮವಿತ್ತಲ್ಲ, ವಸತಿ ಸಚಿವ ಸ್ಟೀವ್ ರೀಡ್ ಮತ್ತು ಮೇಯರ್ ಸಾದಿಕ್ ಖಾನ್ ಸೇರಿ 2025ರ ಅಕ್ಟೋಬರಿನಲ್ಲಿ ಆ 35ನ್ನು 20ಕ್ಕೆ ಇಳಿಸುವುದಾಗಿ ಸಾರಿದರು. ತಾತ್ಕಾಲಿಕವಂತೆ. ಹಸು ಹಾಲು ಕೊಡುತ್ತಿಲ್ಲವೆಂದು ಚೊಂಬನ್ನೇ ಚಿಕ್ಕದು ಮಾಡಿದ ಹಾಗಾಯಿತು. ತುಂಬಿದ ಚೊಂಬನ್ನು ನೋಡುವ ಸುಖವಾದರೂ ಸಿಗಲಿ ಎಂದಿರಬೇಕು. ಅದಕ್ಕೆ ತುಸು ಮೊದಲು ಇವರ ಲೇಬರ್ ಪಕ್ಷದ ಸಮಾವೇಶದಲ್ಲಿ ಕೆಂಪು ಟೋಪಿಗಳನ್ನು ಹಂಚಿದ್ದರು. ಅದರ ಮೇಲಿದ್ದ ಘೋಷಣೆಯನ್ನು ನಮ್ಮ ಭಾಷೆಗೆ ತಂದರೆ ‘ಕಟ್ಟು ಕಂದಾ ಕಟ್ಟು’ ಎಂದಾಗುತ್ತದೆ. ಕಂದ ಯಾರು ಎಂಬುದು ಈಗ ತಿಳಿಯಿತು. ನಾವಂತೂ ಅಲ್ಲ. ನಾವು ಬಾಡಿಗೆ ಕಟ್ಟುವವರು.

‘ಕೈಗೆಟಕುವ’ ಎಂದರೇನು ಎಂದು ಕೇಳಬೇಡಿ. ಕೇಳಿದರೆ ಉತ್ತರ ಬರುತ್ತದೆ. 2011ರಿಂದ ಇದಕ್ಕೆ ಸರ್ಕಾರಿ ಅರ್ಥವೊಂದಿದೆ: ಮಾರುಕಟ್ಟೆ ಬಾಡಿಗೆಯ ಶೇ 80ರವರೆಗೆ. ಲಂಡನ್ನಿನ ಸರಾಸರಿ ಬಾಡಿಗೆ 2025ರಲ್ಲೇ ತಿಂಗಳಿಗೆ 2,200 ಪೌಂಡ್ ದಾಟಿದೆ. ಅದರ ಶೇ 80 ಎಂದರೆ 1,760. ಆಷಾಢದ ರಿಯಾಯಿತಿಯಲ್ಲಿ ಐದರಲ್ಲೊಂದು ಪಾಲು ಬಿಟ್ಟ ಮಾತ್ರಕ್ಕೆ ವಜ್ರದ ಹಾರ ತರಕಾರಿಯಾಗುವುದಿಲ್ಲ ಎಂದು ಯಾರಾದರೂ ಹೇಳಬೇಕಿತ್ತು. ಹೇಳಬೇಕಾದವರೆಲ್ಲ ಸ್ವಂತ ಮನೆಯಲ್ಲಿದ್ದರು.

ಈ ಊರಿನಲ್ಲಿ ಬಾಡಿಗೆ ಮನೆ ನೋಡಲು ಹೋಗುವುದು ನಮ್ಮ ಹೆಣ್ಣು ನೋಡುವ ಶಾಸ್ತ್ರದಂತೆಯೇ. ಕೇಸರಿಬಾತು ಇರುವುದಿಲ್ಲ ಅಷ್ಟೇ. ನೋಡಲು ಹೋದವನು ನಾನಾದರೂ ನೋಡಿಸಿಕೊಳ್ಳುವವನೂ ನಾನೇ. ಹಿಂದಿನ ಸಲ ಪೂರ್ವ ಲಂಡನ್ನಿನ ಒಂದು ಮನೆಯ ಮುಂದೆ ಹದಿನಾಲ್ಕು ಮಂದಿ ಸಾಲಿನಲ್ಲಿ ನಿಂತಿದ್ದೆವು. ತಲಾ ಎಂಟು ನಿಮಿಷ. ಬಾಡಿಗೆ ವಾರಕ್ಕೆ 350. ಹೊಸಬರು ಇದನ್ನು ನಾಲ್ಕರಿಂದ ಗುಣಿಸಿ 1,400 ಎಂದುಕೊಂಡು ಸಂತೋಷಪಡುತ್ತಾರೆ. ಏಜೆಂಟ್ 52ರಿಂದ ಗುಣಿಸಿ 12ರಿಂದ ಭಾಗಿಸುತ್ತಾನೆ, 1,516 ಆಗುತ್ತದೆ. ನಡುಮನೆಗೆ ಪರದೆ ಬಿಟ್ಟು ‘ಎರಡನೇ ಮಲಗುವ ಕೋಣೆ’ ಎಂದು ನಾಮಕರಣ ಮಾಡಿದ್ದರು. ಒಳಗೆ ಹೊಸ ಬಣ್ಣದ ವಾಸನೆ. ಕಿಟಕಿಯ ಮೂಲೆಯಲ್ಲಿ ಬೆರಳಿಟ್ಟೆ. ಬಣ್ಣ ದೋಸೆಯ ಅಂಚಿನ ಹಾಗೆ ಎದ್ದು ಬಂತು, ಅಡಿಯಲ್ಲಿ ಕಪ್ಪಗೆ ಬೂಷ್ಟು. ‘ಅನ್ನ ಮಾಡುವಾಗ ಕಿಟಕಿ ತೆರೆದಿಟ್ಟರೆ ಆಯಿತು’ ಎಂದ ಏಜೆಂಟ್. ನಾನು ಅನ್ನ ತಿನ್ನುವವನೆಂದು ಅವನಿಗೆ ಯಾರು ಹೇಳಿದರೋ. ಕಿಟಕಿಗೆ ಬಣ್ಣ ಮೆತ್ತಿಕೊಂಡು ತೆರೆಯುತ್ತಲೇ ಇರಲಿಲ್ಲ ಎಂಬುದು ಬೇರೆ ಮಾತು. ಹೊರಡುವಾಗ, ‘ನಿಮ್ಮ ಬಗ್ಗೆ ನಾಲ್ಕು ಸಾಲು ಬರೆದು ಕಳಿಸಿ, ಮಾಲೀಕರಿಗೆ ಓದಲು ಇಷ್ಟ’ ಎಂದ. ಬರೆದೆ. ಸಂಬಳ, ಉದ್ಯೋಗ, ಸಿಗರೇಟು ಸೇದುವುದಿಲ್ಲ, ಬೆಕ್ಕಿಲ್ಲ. ಗೋತ್ರ ಮತ್ತು ನಕ್ಷತ್ರ ಬರೆಯುವುದು ಮಾತ್ರ ಬಾಕಿಯಿತ್ತು.

ಮಂತ್ರಿಗಳಿಗೂ ಮನೆಯ ಕಾಟ ತಪ್ಪಿದ್ದಲ್ಲ ಎಂಬುದು ಸಮಾಧಾನ. 2025ರ ಆಗಸ್ಟಿನಲ್ಲಿ ರುಶನಾರಾ ಅಲಿ ರಾಜೀನಾಮೆ ಕೊಟ್ಟರು. ಮನೆ ಮಾರುತ್ತೇವೆಂದು ಬಾಡಿಗೆದಾರರನ್ನು ಬಿಡಿಸಿ, ಮಾರಾಟವಾಗದ ಮನೆಗೆ 700 ಪೌಂಡ್ ಏರಿಸಿ ಮತ್ತೆ ಬಾಡಿಗೆಯ ಬೋರ್ಡು ಹಾಕಿದ ಕಥೆ. ಕಾನೂನು ಮೀರಿಲ್ಲ ಎಂದರು. ಮೀರುವ ಅಗತ್ಯವೇ ಇರಲಿಲ್ಲ, ಕಾನೂನು ಅಷ್ಟು ಧಾರಾಳವಾಗಿತ್ತು. ಅವರ ಖಾತೆ ಯಾವುದು ಗೊತ್ತಲ್ಲ? ವಸತಿಹೀನರದು. ಸೆಪ್ಟೆಂಬರಿನಲ್ಲಿ ವಸತಿ ಸಚಿವೆ ಆಂಜೆಲಾ ರೇನರ್, ಕಡಲತೀರದ ಹೋವ್ ಊರಿನ ಫ್ಲ್ಯಾಟಿಗೆ ಮುದ್ರಾಂಕ ಶುಲ್ಕ ಕಡಿಮೆ ಕಟ್ಟಿದ್ದಕ್ಕೆ ಹುದ್ದೆ ಬಿಟ್ಟು ಹೋದರು. ಅಕ್ಟೋಬರಿನಲ್ಲಿ ಹಣಕಾಸು ಸಚಿವೆ ರೇಚಲ್ ರೀವ್ಸ್ ತಮ್ಮ ಮನೆಯನ್ನು ಲೈಸೆನ್ಸ್ ಇಲ್ಲದೆ ಬಾಡಿಗೆಗೆ ಕೊಟ್ಟಿದ್ದು ಹೊರಬಂತು. ಏಜೆಂಟರ ಕಣ್ತಪ್ಪಂತೆ. ಇವರು ಉಳಿದುಕೊಂಡರು. ಮೂರು ತಿಂಗಳು, ಮೂವರು ಮಂತ್ರಿಗಳು. ಕಾರಣ ಕೊಡದೆ ಬಾಡಿಗೆದಾರರನ್ನು ಎಬ್ಬಿಸುವ ಪದ್ಧತಿ ನಿಲ್ಲಿಸುತ್ತೇವೆ ಎಂದು 2019ರಲ್ಲಿ ಸರ್ಕಾರ ಕೊಟ್ಟ ಮಾತು ಐದನೇ ಪ್ರಧಾನಿಯ ಕಾಲಕ್ಕೆ ಕಾಯ್ದೆಯಾಯಿತು. ಅಷ್ಟರಲ್ಲಿ ನಾನು ನಾಲ್ಕು ಸಲ ಗಂಟುಮೂಟೆ ಕಟ್ಟಿದ್ದೆ.

ನಗುವುದಕ್ಕೂ ಸಾಕಾಯಿತು. ಈ ಊರಿನ 50 ಜನರಲ್ಲಿ ಒಬ್ಬರು ಕೌನ್ಸಿಲ್, ಅಂದರೆ ಇಲ್ಲಿನ ಸ್ಥಳೀಯ ಆಡಳಿತ, ತೋರಿಸಿದ ತಾತ್ಕಾಲಿಕ ಬಿಡಾರದಲ್ಲಿದ್ದಾರೆ. ಒಂದೇ ಕೋಣೆ, ಒಂದೇ ಮಂಚ, ಮಂಚದ ಮೇಲೆಯೇ ಮಗುವಿನ ಊಟ, ಅಲ್ಲಿಯೇ ಹೋಂವರ್ಕ್. ತಾತ್ಕಾಲಿಕವೆಂದರೆ ವರ್ಷಗಟ್ಟಲೆ. 1980ರ ಕಾಯ್ದೆಯ ಮೇಲೆ ಬಾಡಿಗೆದಾರರಿಗೇ ರಿಯಾಯಿತಿ ದರಕ್ಕೆ ಮಾರಿದ ತನ್ನದೇ ಮನೆಗಳನ್ನು ಕೌನ್ಸಿಲ್ ಇವತ್ತು ಖಾಸಗಿ ಮಾಲೀಕರಿಂದ ಬಾಡಿಗೆಗೆ ಪಡೆದು ಇಂಥವರನ್ನು ಅಲ್ಲಿಡುವುದೂ ಉಂಟು. ಇದರಲ್ಲಿ ವಿಡಂಬನೆ ಮಾಡಲು ನನಗೇನೂ ಉಳಿದಿಲ್ಲ. ನಾಚಿಕೆಗೇಡು, ಅಷ್ಟೇ.

ಮನಸ್ಸು ಕೆಟ್ಟಾಗ ನಾನು ಥೇಮ್ಸ್ ದಡದಲ್ಲಿ ಲ್ಯಾಂಬೆತ್ ಸೇತುವೆಯ ಬಳಿ ಬಸವಣ್ಣನ ಪ್ರತಿಮೆಯ ಹತ್ತಿರ ಕೂರುತ್ತೇನೆ. 2015ರಿಂದ ಆತ ಅಲ್ಲಿದ್ದಾನೆ, ಎದುರಿಗೆ ನದಿ, ಆಚೆ ದಡದಲ್ಲಿ ಸಂಸತ್ತು. ಇಷ್ಟು ಒಳ್ಳೆಯ ಜಾಗದಲ್ಲಿ ಬಾಡಿಗೆ ಕೊಡದೆ ಇರುವ ಕನ್ನಡಿಗ ಆತನೊಬ್ಬನೇ ಇರಬೇಕು. ಉಳ್ಳವರು ಏನು ಕಟ್ಟಿಸುತ್ತಾರೆ ಎಂದು ಆತನಿಗೆ ಯಾರೂ ಹೇಳಿಕೊಡಬೇಕಿಲ್ಲ. ಆದರೂ ನದಿಯಗುಂಟ ಅರ್ಧ ಗಂಟೆ ನಡೆಸಿಕೊಂಡು ಹೋಗಿ ನೈನ್ ಎಲ್ಮ್ಸ್ ತೋರಿಸುವ ಆಸೆ ನನಗಿದೆ. ಅಲ್ಲಿ ಎರಡು ಕಟ್ಟಡಗಳ ನಡುವೆ, ನೆಲದಿಂದ 35 ಮೀಟರ್ ಮೇಲೆ, ಪಾರದರ್ಶಕ ಈಜುಕೊಳವೊಂದು ತೂಗುತ್ತಿದೆ. ಅದೇ ಬಡಾವಣೆಯಲ್ಲಿ ಮನೆಯ ಒಂದು ಪಾಲನ್ನು ಕೊಂಡು ಉಳಿದದ್ದಕ್ಕೆ ಬಾಡಿಗೆ ಕಟ್ಟುವವರಿಗೆ ಕೊಳಕ್ಕೆ ಇಳಿಯುವ ಹಕ್ಕಿಲ್ಲ. ತಮ್ಮ ಮನೆಯಿಂದ ಅವರು ನೋಡಬಹುದು. ತಳವೂ ಪಾರದರ್ಶಕವಾದ್ದರಿಂದ ರಸ್ತೆಯಲ್ಲಿ ನಿಂತ ನಮಗೂ ಈಜುವವರ ಹೊಟ್ಟೆ ಮತ್ತು ಅಂಗಾಲು ಚೆನ್ನಾಗಿ ಕಾಣುತ್ತವೆ. ಇದಕ್ಕೆ ಇನ್ನೂ ಶುಲ್ಕವಿಟ್ಟಿಲ್ಲ.